ಬೆಲೆ ಇಳಿದಾಗ ಮನೆ ಮಾರುವುದು, ಕೊಳ್ಳುವುದು



2016ರ ನವೆಂಬರ್‌ನಲ್ಲಿ 500, 1000 ರೂಪಾಯಿ ನೋಟು ರದ್ದಾದ ಮೇಲೆ ಹಲವು ಕಡೆ ಮನೆ, ಸೈಟು ಕೇಳುವವರೇ ಕಡಿಮೆಯಾದರು. ಇಂಥ ಹೊತ್ತಿನಲ್ಲಿ "ಈಗ ಮಾರಿದ್ರೆ ನಷ್ಟ" ಅಂತ ಎಲ್ಲರೂ ಹೇಳ್ತಾರೆ. ಆದರೆ ಮಾರಿ ಇನ್ನೊಂದು ಮನೆ ಕೊಳ್ಳುವವರ ಲೆಕ್ಕ ಬೇರೆ.

ನಮ್ಮ ಮನೆ 20 ಲಕ್ಷ, ಬೇಕಾದ ಮನೆ 30 ಲಕ್ಷ ಅಂದುಕೊಳ್ಳೋಣ. ನೂರಕ್ಕೆ ಹತ್ತು ಇಳಿದರೆ ನಮ್ಮದು 18, ಅದು 27. ಮೊದಲು 10 ಲಕ್ಷ ಸೇರಿಸಬೇಕಿತ್ತು, ಈಗ 9 ಸಾಕು. ದೊಡ್ಡ ಮನೆಯಿಂದ ಚಿಕ್ಕದಕ್ಕೆ ಹೋಗುವವರಿಗೆ ಮಾತ್ರ ಇದು ಉಲ್ಟಾ.

ಸಾಲ ಇದ್ದರೆ ಎಚ್ಚರ. ಬೆಲೆ ಇಳೀತದೆ, ಸಾಲ ಇಳಿಯುವುದಿಲ್ಲ. ಅದೇ ಮನೆಯ ಮೇಲೆ 16 ಲಕ್ಷ ಬಾಕಿ ಇದ್ದರೆ, 20ಕ್ಕೆ ಮಾರಿದಾಗ ಕೈಗೆ 4 ಲಕ್ಷ. 18ಕ್ಕೆ ಮಾರಿದರೆ ಬರೀ 2. ನಮ್ಮ ಪಾಲು ಅರ್ಧಕ್ಕರ್ಧ ಹೋಯಿತು! ಹೊಸ ಮನೆಗೆ ಬ್ಯಾಂಕು ಪೂರ್ತಿ ಹಣ ಕೊಡುವುದಿಲ್ಲ, ಕೈಯಿಂದ ಹಾಕುವ ಹಣ ಇದರಿಂದಲೇ ಬರಬೇಕು. ಆದ್ದರಿಂದ ಮೊದಲು ಮಾರಿ, ಆಮೇಲೆ ಕೊಳ್ಳುವುದೇ ಲೇಸೆಂದು ನಾವು ಹೇಳುತ್ತೇವೆ. ಮುಂಗಡ ಕೊಟ್ಟು ಕೂತು ನಮ್ಮ ಮನೆಗೆ ಗಿರಾಕಿ ಸಿಗದಿದ್ದರೆ ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗಬೇಕಾದೀತು.

ಇನ್ನೊಂದು ವಿಷಯ. ಪೇಟೆಯಲ್ಲಿ ಬೆಲೆ ಇಳಿದರೂ ಸರಕಾರದ ಮಾರ್ಗಸೂಚಿ ದರ ತಾನಾಗಿ ಇಳಿಯುವುದಿಲ್ಲ. ಕರ್ನಾಟಕದಲ್ಲಿ 2022ರ ಜನವರಿಯಿಂದ ಮಾರ್ಚ್ ತನಕ ನೂರಕ್ಕೆ ಹತ್ತು ಕಡಿಮೆ ಮಾಡಿದ್ದರು. 2023ರ ಅಕ್ಟೋಬರ್‌ನಲ್ಲಿ ಏರಿಸಿದರು. ನೀವು ಅದಕ್ಕಿಂತ ಕಡಿಮೆಗೆ ಕೊಂಡರೂ ಮುದ್ರಾಂಕ ಶುಲ್ಕವನ್ನು ಆ ದರದ ಮೇಲೆಯೇ ಕೇಳ್ತಾರೆ. ಮುಂಗಡಕ್ಕೆ ಮೊದಲೇ ಉಪನೋಂದಣಿ ಕಚೇರಿಯಲ್ಲಿ ದರ ವಿಚಾರಿಸಿ, ಋಣಭಾರ ಪತ್ರವನ್ನೂ ತೆಗೆಸಿ. 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯಲು 2015ರ ಜೂನ್‌ನಿಂದ ಕಾನೂನಿನ ತಡೆ ಇದೆ, ಚೆಕ್ಕಿನಲ್ಲೇ ಕೊಡಿ.