ಗುಳಿಯಾಚೆ ಬಾಳುವ ಅಣು

ಹೀಲಿಯಂ ಪರಮಾಣುಗಳಿಗೆ ಜೊತೆ ಸೇರುವುದೇ ಒಲ್ಲದ ಕೆಲಸ. ಹಂಪಿಯ ಗುಂಡುಗಲ್ಲುಗಳೊಳಗೆ ಈ ಅನಿಲ ಸುಮಾರು 250 ಕೋಟಿ ವರ್ಷಗಳಿಂದ ಹುಟ್ಟುತ್ತಲೇ ಇದೆ. ಗ್ರಾನೈಟಿನಲ್ಲಿ ತೀರ ಕಡಿಮೆ ಪ್ರಮಾಣದಲ್ಲಿರುವ ಯುರೇನಿಯಂ-238ರ ಒಂದು ಪರಮಾಣು ಹಂತಹಂತವಾಗಿ ಸೀಸವಾಗುವಷ್ಟರಲ್ಲಿ ಎಂಟು ಹೀಲಿಯಂ ಬೀಜಗಳನ್ನು ಹೊರಗೆಸೆಯುತ್ತದೆ. ಹೀಗೆ ಹುಟ್ಟಿದ್ದು ನಿಧಾನವಾಗಿ ಬಿರುಕುಗಳಲ್ಲಿ ಸೋರಿ ಗಾಳಿಗೆ ಸೇರುತ್ತದೆ, ಆದರೆ ಒಂಟೊಂಟಿಯಾಗಿಯೇ. ಎರಡು ಹೀಲಿಯಂ ಪರಮಾಣುಗಳನ್ನು ಹಿಡಿದಿಡುವ ಬಂಧಶಕ್ತಿಯನ್ನು ತಾಪದ ಅಳತೆಯಲ್ಲಿ ಹೇಳಿದರೆ ಸುಮಾರು 1.6 ಮಿಲಿಕೆಲ್ವಿನ್. ಹೊಸಪೇಟೆಯ ಬೇಸಿಗೆಯ 40 ಡಿಗ್ರಿ ಎಂದರೆ 313 ಕೆಲ್ವಿನ್, ಅಂದರೆ ಅದರ ಸುಮಾರು ಎರಡು ಲಕ್ಷ ಪಟ್ಟು. ಆ ಕಾವಿನಲ್ಲಿ ಜೋಡಿ ಉಳಿಯುವ ಮಾತೇ ಇಲ್ಲ.

ಎರಡು ಪರಮಾಣುಗಳು 2.6 ಆಂಗ್‌ಸ್ಟ್ರಾಂಗಿಂತ (ಪರಮಾಣುಗಳ ದೂರ ಅಳೆಯುವ ಅತಿ ಚಿಕ್ಕ ಮಾನ) ಹತ್ತಿರ ಬಂದರೆ ಒಂದನ್ನೊಂದು ಬಲವಾಗಿ ತಳ್ಳುತ್ತವೆ. ಸುಮಾರು 3 ಆಂಗ್‌ಸ್ಟ್ರಾಂ ದೂರದಲ್ಲಿ ಸೆಳೆತ ಹಿತವಾಗಿರುತ್ತದೆ. ಈ ಸೆಳೆತವನ್ನು ಜೋಡಿಯನ್ನು ಹಿಡಿದಿಡುವ ಶಕ್ತಿಯ ಗುಳಿ ಎನ್ನಬಹುದು; ಅಲ್ಲಿ ಅದರ ಆಳ 11 ಕೆಲ್ವಿನ್. ಆಮೇಲೆ ಸೆಳೆತ ಬೇಗ ಕ್ಷೀಣಿಸುತ್ತದೆ. ಈ ಗುಳಿಯ ನಿಖರ ಆಕಾರವನ್ನು ಲೆಕ್ಕ ಹಾಕಲು ದೊಡ್ಡ ಗಣಕಗಳೇ ಬೇಕು. ಆದರೆ ಅಣುವಿನ ಸ್ವಭಾವ ತಿಳಿಯಲು ಅಷ್ಟೆಲ್ಲ ಬೇಡ. ಚೌಕಾಕಾರದ ಗುಳಿಯೊಂದನ್ನು ಕಲ್ಪಿಸಿಕೊಂಡರೆ ಸಾಕು. ಒಂದು ಕಡೆ ಕಡಿದಾದ ಗೋಡೆ, 11 ಕೆಲ್ವಿನ್ ಆಳದ ಸಮತಟ್ಟಾದ ತಳ, ಇನ್ನೊಂದು ಕಡೆ ಅಂಚು, ಅಂಚಿನಾಚೆ ಬಯಲು.

ಕ್ವಾಂಟಂ ನಿಯಮದಂತೆ ಪರಮಾಣು ಅಲೆಯ ಹಾಗೆ ವರ್ತಿಸುತ್ತದೆ. ಅಲೆ ಗೋಡೆಯಲ್ಲಿ ಸೊನ್ನೆಯಿಂದ ಹೊರಟು, ಅಂಚು ಮುಟ್ಟುವ ಮೊದಲೇ ಶಿಖರ ದಾಟಿ ಇಳಿಮುಖವಾಗಬೇಕು. ಆಗ ಮಾತ್ರ ಜೋಡಿ ನಿಲ್ಲುತ್ತದೆ. ಅಂದರೆ ಗುಳಿಯೊಳಗೆ ಅಲೆಯುದ್ದದ ಕಾಲುಭಾಗಕ್ಕಿಂತ ತುಸು ಹೆಚ್ಚು ಹಿಡಿಸಬೇಕು. ಹೀಲಿಯಂ-4ಕ್ಕೆ ಈ ಕಾಲುಭಾಗ 1.65 ಆಂಗ್‌ಸ್ಟ್ರಾಂ. ಗುಳಿಯ ಅಗಲ ಅಷ್ಟೇ ಇದ್ದರೆ ಅಣುವಿಲ್ಲ, 1.66 ಆದರೆ 1.6 ಮಿಲಿಕೆಲ್ವಿನ್ ಬಂಧಶಕ್ತಿಯ ಅಣು ಸಿದ್ಧ! ಕೂದಲೆಳೆ ಎಂಬ ಮಾತೂ ಇಲ್ಲಿ ದಪ್ಪವಾಯಿತು. ಹೀಲಿಯಂ-3 ಹಗುರ, ಹಾಗಾಗಿ ಅದರ ಅಲೆ ಉದ್ದ, ಅದಕ್ಕೆ 1.90 ಬೇಕು. ಪರಮಾಣುಗಳ ನಡುವಿನ ಬಲ ಅದೇ ಆದರೂ ಎರಡು ಹೀಲಿಯಂ-3 ಸೇರಿ ಅಣುವಾಗದಿರುವುದು ಇದಕ್ಕೇ.

ಶಿಖರ ಆಗಷ್ಟೇ ದಾಟಿದ ಅಲೆ ಅಂಚಿನಾಚೆಗೂ ಹರಡುತ್ತದೆ. ಕಂಪ್ಲಿಯ ಭತ್ತದ ಗದ್ದೆಯಲ್ಲಿ ಬದುವಿನಾಚೆಗೆ ಬಸಿಯುವ ನೀರನ್ನು ಇದಕ್ಕೆ ಹೋಲಿಸಬಹುದು. ಒಂದು ವ್ಯತ್ಯಾಸವಿದೆ: ಗದ್ದೆಯ ನೀರು ಹೆಚ್ಚಾಗಿ ಒಳಗೇ ಇರುತ್ತದೆ, ಇಲ್ಲಿ ಬಸಿದದ್ದೇ ಹೆಚ್ಚು. ಹಳೆಯ ಯಂತ್ರಶಾಸ್ತ್ರ ಪರಮಾಣುಗಳಿಗೆ ನಿಷೇಧಿಸಿರುವ ದೂರದಲ್ಲಿಯೇ ಈ ಜೋಡಿ ಸಿಗುವ ಸಂಭವ ಸುಮಾರು ಐದರಲ್ಲಿ ನಾಲ್ಕು ಪಾಲು. ಅವುಗಳ ಸರಾಸರಿ ಅಂತರ 47 ಆಂಗ್‌ಸ್ಟ್ರಾಂ. ಆಂಗ್‌ಸ್ಟ್ರಾಂ ಒಂದಕ್ಕೆ ಒಂದು ಮೀಟರ್ ಎಂದು ಹಿಗ್ಗಿಸಿದರೆ, ತುಂಗಭದ್ರೆಯಲ್ಲಿ 47 ಮೀಟರ್ ದೂರದಲ್ಲಿ ತೇಲುವ ಎರಡು ಹರಿಗೋಲುಗಳನ್ನು ಒಂದೇ ಜೋಡಿ ಎಂದಂತೆ. ಅವುಗಳ ನಡುವಿನ ಸೆಳೆತ ಹಿತವಾಗಿರುವುದು ಮೂರು ಮೀಟರಿನಲ್ಲಿ ಮಾತ್ರ.

ಸರಳ ಮಾದರಿ ಗೆಲ್ಲುವುದೂ ಇಲ್ಲಿಯೇ. ಅಣು ಹೆಚ್ಚು ಹೊತ್ತು ಗುಳಿಯ ಹೊರಗೇ ಇರುವುದರಿಂದ ಗುಳಿಯ ಆಕಾರದ ಸೂಕ್ಷ್ಮಗಳು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಅಲೆಯ ಬಾಲ ಎಷ್ಟು ಉದ್ದ ಎಂಬ ಒಂದೇ ಸಂಖ್ಯೆ ಸಾಕು. ಅದು ಸುಮಾರು 90 ಆಂಗ್‌ಸ್ಟ್ರಾಂ. ಹೀಲಿಯಂ-4ರ ತೂಕದಿಂದ ಬರುವ 12.1 ಎಂಬ ಸಂಖ್ಯೆಯನ್ನು 90ರ ವರ್ಗದಿಂದ ಭಾಗಿಸಿದರೆ 0.0015 ಕೆಲ್ವಿನ್ ಸಿಗುತ್ತದೆ. ಶಾಲೆಯ ಪಾಟಿಯ ಮೇಲಿನ ಲೆಕ್ಕ ದೊಡ್ಡ ಗಣಕದ ಉತ್ತರಕ್ಕೆ ಇಷ್ಟು ಹತ್ತಿರ ಬರುತ್ತದೆ.

ಈ ಮೂಲವಸ್ತುವಿನ ಕತೆಗೆ ಕರ್ನಾಟಕದ ನಂಟೂ ಇದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಗುಂಟೂರಿನಲ್ಲಿ ಖಗೋಳಜ್ಞ ಜಾನ್ಸೆನ್ ನೋಡಿದಂತೆ, ಹೊಸಪೇಟೆಯಿಂದ ವಾಯವ್ಯಕ್ಕಿರುವ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ವರ್ಣಪಟಲ ದರ್ಶಕದಿಂದ ನೋಡಿದರು. ಸೂರ್ಯನ ವರ್ಣಪಟಲದಲ್ಲಿ ಕಂಡ ಹಳದಿ ಗೆರೆ ಹೊಸ ಮೂಲವಸ್ತುವಿನದೆಂದು ಮುಂದೆ ಖಗೋಳಜ್ಞ ಲಾಕ್ಯರ್ ಸೂಚಿಸಿದರು. 1895ರಲ್ಲಿ ರಸಾಯನಶಾಸ್ತ್ರಜ್ಞ ರಾಮ್ಸೆ ಆ ಮೂಲವಸ್ತುವನ್ನು, ಅಂದರೆ ಹೀಲಿಯಂ ಅನ್ನು, ಯುರೇನಿಯಂ ಅದಿರಿನಿಂದ ಬೇರ್ಪಡಿಸಿದರು.

ಆದರೆ ಜೋಡಿ ಅಣು ಕೈಗೆ ಸಿಗಲು ಇನ್ನೂ ಸುಮಾರು ನೂರು ವರ್ಷ ಹಿಡಿಯಿತು. 1993ರಲ್ಲಿ ಮಿನ್ನೆಸೋಟದ ತಂಡ ಅದನ್ನು ಕಂಡೆವೆಂದಿತು. 1994ರಲ್ಲಿ ಗಟ್ಟಿಂಗನ್‌ನಲ್ಲಿ ಷೋಲ್‌ಕೋಫ್ ಮತ್ತು ಟೊಯೆನೀಸ್ ಅತಿಶೀತಲ ಹೀಲಿಯಂ ಧಾರೆಯನ್ನು ಬಹಳ ಸಣ್ಣ ಸೀಳುಗಳ ಜಾಲರಿಯ ಮೂಲಕ ಹಾಯಿಸಿದರು. ಎರಡು ಪಟ್ಟು ತೂಕದ ಜೋಡಿಯ ಅಲೆಯುದ್ದ ಅರ್ಧ, ಆದ್ದರಿಂದ ಅದು ಅರ್ಧ ಕೋನಕ್ಕೇ ಬಾಗಿ ಬೇರೆಯಾಗಿ ಕಾಣಿಸಿತು. ಪರೀಕ್ಷೆ ಮುಟ್ಟಿದರೆ ಮುರಿಯುವಂಥ ಅಣುವನ್ನು ಮುಟ್ಟದೆಯೇ ತೂಗಿದ ಜಾಣ್ಮೆ ಇದು. 2016ರಲ್ಲಿ ಫ್ರಾಂಕ್‌ಫರ್ಟ್‌ನ ತಂಡ ಎರಡೂ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು, ಅವು ಸಿಡಿದು ದೂರವಾದ ಶಕ್ತಿಯಿಂದ ಅವುಗಳ ಮೂಲ ಅಂತರವನ್ನು ಅಳೆಯಿತು. ಸರಳ ಮಾದರಿ ಹೇಳಿದ್ದ ಬಾಲ ಹಾಗೆಯೇ ಕಂಡಿತು.

ಮೂರು ಪರಮಾಣುಗಳು ಸೇರಿದರೆ ಬಾಲದ ಉದ್ದವೆಂಬ ಒಂದೇ ಸಂಖ್ಯೆ ಸಾಲದು; ಹತ್ತಿರದ ತಳ್ಳಾಟವನ್ನು ಸೂಚಿಸುವ ಇನ್ನೊಂದು ಅಳತೆಯೂ ಬೇಕು. ದುರ್ಬಲ ಸೆಳೆತದ ಮೂರು ಕಣಗಳು ಬಹು ದೊಡ್ಡ ಅಣುವಾಗಬಲ್ಲವೆಂದು ವಿತಾಲಿ ಎಫಿಮೋವ್ 1970ರಲ್ಲಿ ತೋರಿಸಿದ್ದರು. ಆ ಬಗೆಯ ಹೀಲಿಯಂ ತ್ರಿವಳಿಯನ್ನು ಫ್ರಾಂಕ್‌ಫರ್ಟ್‌ನ ಪ್ರಯೋಗ 2015ರಲ್ಲಿ ಸೆರೆಹಿಡಿಯಿತು.