ಜಲಾಗಾರದಲ್ಲಿ ಹವಳ ಮತ್ತು ಶಿಲೆಗಳನ್ನು ಕೂಡಿಸುವ ಅಂಟುಗಳು

1656ರಲ್ಲಿ ಮುಗಿದ ವಿಜಾಪುರದ ಗೋಲಗುಂಬಜದ ಗಾರೆಯಲ್ಲಿ ಗಟ್ಟಿಗೊಂಡಿರುವ ಸುಣ್ಣವೂ ಹವಳದ ಅಸ್ಥಿಯೂ ಒಂದೇ ದ್ರವ್ಯ: ಕ್ಯಾಲ್ಸಿಯಂ ಕಾರ್ಬೊನೇಟ್. ಆದರೆ ಗಾರೆಯ ಸುಣ್ಣವು ಗಟ್ಟಿಯಾಗುವುದು ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡನ್ನು ಹೀರಿ. ಕಡಲನೀರು ತುಂಬಿದ ಗಾಜಿನ ಜಲಾಗಾರದಲ್ಲಿ ಅದು ಸಲ್ಲದು. ಅಲ್ಲಿ ಒದ್ದೆಯಲ್ಲಿಯೇ ಹಿಡಿಯುವ, ಜೀವಿಗೆ ವಿಷವಾಗದ ಅಂಟು ಬೇಕು.

ಹವಳದ ಚಿಕ್ಕ ತುಣುಕಿಗೆ ಸಯನೋಅಕ್ರಿಲೇಟ್ ತಕ್ಕುದು. ತೆಳುವಾದುದು ಹರಿದುಹೋಗುವುದರಿಂದ ಲೋಳೆಯಂತಿರುವುದನ್ನೇ ಆರಿಸತಕ್ಕುದು. ಇದರ ಅಣುಗಳು ಸರಪಳಿಯಾಗಿ ಹೆಣೆದುಕೊಳ್ಳಲು ನೀರೇ ಪ್ರೇರಕ. ಕ್ಷಾರಗುಣದ ಕಡಲನೀರಿನಲ್ಲಂತೂ ಕೂಡಲೇ ಹೊರಪೊರೆ ಕಟ್ಟುತ್ತದೆ. ಆದುದರಿಂದ ತುಣುಕನ್ನು ಶಿಲೆಗೆ ಒತ್ತಿ ತುಸು ತಿರುಚಬೇಕು. ಪೊರೆ ಹರಿದು ಒಳಗಿನ ಹಸಿಯ ಅಂಟು ಶಿಲೆಯನ್ನು ಮುಟ್ಟುತ್ತದೆ. ಆದರೂ ಇದು ಪೆಡಸಾದ ಅಂಟು, ಭಾರವನ್ನು ತಾಳದು.

ಭಾರದ ತುಣುಕಿಗೆ ಎರಡು ಭಾಗಗಳನ್ನು ನಾದಿ ಬೆರೆಸುವ ಇಪಾಕ್ಸಿಯ ಕಣಕವೇ ಲೇಸು. ಒದ್ದೆಯ ಮೈಗೆ ಇದು ಅಂಟುವುದು ಅತ್ಯಲ್ಪ. ಸಂದುಗೊಂದುಗಳನ್ನು ಹೊಕ್ಕು, ಗಟ್ಟಿಯಾಗಿ, ಕಚ್ಚಿ ಹಿಡಿಯುತ್ತದೆ. ಅಲ್ಲಿಯವರೆಗೆ ತುಣುಕು ಜಾರದಂತೆ ಕಣಕದ ಎರಡೂ ಮುಖಗಳಿಗೆ ಲೋಳೆಯಂಟನ್ನು ಸವರುವುದುಂಟು.

ಸಿಮೆಂಟು ನೀರಿನಡಿಯೂ ಗಟ್ಟಿಯಾಗುವುದು ನಿಜ. ಆದರೆ ಅದರಿಂದ ಒಸರುವ ಕ್ಷಾರವು ಕಿರಿಯ ಜಲಾಗಾರದ ಪಿ.ಎಚ್. ಮಾನವನ್ನು ಏರಿಸಿ ಜೀವಿಗಳನ್ನು ಕೊಲ್ಲಬಲ್ಲದು. ಅದರಿಂದ ಕೂಡಿಸಿದ ಶಿಲೆಯನ್ನು ಮೊದಲೇ ವಾರಗಟ್ಟಲೆ ಸಿಹಿನೀರಿನಲ್ಲಿ, ನೀರನ್ನು ಬದಲಿಸುತ್ತ, ನೆನೆಯಿಡಬೇಕು.

ಅಂಟು ಯಾವುದೇ ಇರಲಿ, ಬರಿಯ ಅಸ್ಥಿಗೆ ಹಚ್ಚತಕ್ಕುದು. ಅದರಡಿ ಸಿಕ್ಕಿದ ಜೀವಂತ ಅಂಗಾಂಶ ಸಾಯುತ್ತದೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಹವಳಗಳುಂಟೆಂದು ಪ್ರಯೋಗಶಾಲೆಗೆ ಒಡೆದು ತರುವಂತಿಲ್ಲ: ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿವೆ. ನಮ್ಮ ವಿದ್ಯಾರ್ಥಿಗಳು ಈ ಅಂಟುಗಳನ್ನು ಪರೀಕ್ಷಿಸಲು ತಾಳಿಕೋಟಿಯ ಸುಣ್ಣಕಲ್ಲಿನ ಚೂರುಗಳೂ ಒಂದು ಪಾತ್ರೆ ಉಪ್ಪುನೀರೂ ಸಾಕು.