ಬಲೆ ಬೀಸಿ ಹೊಂಡ ಹರಿದ ಮೇಲೆ ಫೀಡರ್ ಗಾಳ ಕಟ್ಟಿದೆ

ಹೋದ ವರ್ಷ ಮಾರ್ಚ್‌ನಲ್ಲಿ ಮನೆಗೆ ನೆಂಟರು ಬಂದಿದ್ರು. ಕೃಷಿಹೊಂಡದ ಮೀನು ತಿನ್ನಿಸೋಣ ಅಂತ ಬೀಸುಬಲೆ ತಂದು ಬೀಸಿದೆ. ಎರಡು ಸಲಕ್ಕೆ ನಾಲ್ಕು ಕಾಟ್ಲಾ ಬಂದವು. ಮೂರನೇ ಸಲ ಬಲೆಯ ಗುಂಡು ಮೂಲೆಯ ಮಡಿಕೆಗೆ ಸಿಕ್ಕಿಕೊಂಡಿತು, ಜೋರಾಗಿ ಎಳೆದೆ. ಪ್ಲಾಸ್ಟಿಕ್ ಹೊದಿಕೆ ಹರಿದದ್ದು ಗೊತ್ತಾಗಿದ್ದು ನಾಲ್ಕು ದಿನದ ಮೇಲೆ, ನೀರು ಒಂದೂವರೆ ಅಡಿ ಇಳಿದಾಗ. ಆ ನೀರು ಮೀನಿಗಿಂತ ಮೊದಲು ನನ್ನ ಟೊಮೆಟೊಗೆ ಬೇಕಿತ್ತು. ತೇಪೆ ಹಾಕಿದೆ, ಆದರೆ ಆ ಬೇಸಿಗೆ ಅರ್ಧ ಬೆಳೆ ಬಿಟ್ಟುಕೊಡಬೇಕಾಯ್ತು.

ಅಲ್ಲಿಂದ ಮನೆಗೆ ಬೇಕಾದ ಒಂದೆರಡು ಮೀನಿಗೆ, ತೂಕ ನೋಡೋಕೆ, ನಾನು ಬಲೆ ಮುಟ್ಟಿಲ್ಲ. ಇಂಗ್ಲೆಂಡಿನವರು ಗೆಂಡೆ ಮೀನಿಗೆ ಹಾಕುವ ಫೀಡರ್ ಗಾಳವನ್ನು ವಿಡಿಯೊದಲ್ಲಿ ನೋಡಿ ಕಟ್ಟಿಕೊಂಡೆ. ಅವರು ಹಿಡಿದ ಮೀನನ್ನು ತೂಗಿ, ಫೋಟೊ ತೆಗೆದು ನೀರಿಗೇ ಬಿಡ್ತಾರೆ. ನಮ್ಮ ಕಥೆ ಬೇರೆ ಬಿಡಿ.

ಫೀಡರ್ ಅಂದರೆ ತಳದಲ್ಲಿ ತೂಕವಿರುವ ಪುಟ್ಟ ಪಂಜರ. ಅದರೊಳಗೆ ಮೇವು ತುಂಬಿ ಎಸೆದರೆ ಮೇವೂ ಹುಕ್ಕೂ ಒಂದೇ ಜಾಗಕ್ಕೆ ಹೋಗಿ ಕೂರುತ್ತವೆ. ಹೊಂಡದ ಮೀನಿಗೆ ಇಷ್ಟೆಲ್ಲ ಯಾಕೆ ಅಂತ ನನ್ನ ತಮ್ಮನೂ ಕೇಳಿದ. ನನ್ನ ಹೊಂಡ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ಇಳಿಜಾರಿನಲ್ಲಿ, ಮೂಲೆಗಳಲ್ಲಿ ಹುಕ್ಕು ಆಡಬಾರದು. ಮೀನನ್ನೇ ನಡುವಿನ ಸಮತಟ್ಟು ಜಾಗಕ್ಕೆ ಕರೆಸಬೇಕು, ಆ ಕೆಲಸ ಫೀಡರ್ ಮಾಡುತ್ತೆ.

ಕಟ್ಟೋದು ಸುಲಭ. 0.30 ಮಿ.ಮೀ. ನೈಲಾನ್ ದಾರಕ್ಕೆ 20ರಿಂದ 30 ಗ್ರಾಂ ಫೀಡರ್ ಪೋಣಿಸಿ, ಆಮೇಲೆ ರಬ್ಬರ್ ಮಣಿ, ಕೊನೆಗೆ ಸ್ವಿವೆಲ್ ಕಟ್ಟಿ. ಸ್ವಿವೆಲ್‌ನಿಂದ ನಾಲ್ಕು ಇಂಚು ತೆಳು ದಾರ, ತುದಿಗೆ 10ನೇ ನಂಬರ್ ಹುಕ್ಕು. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ, ಒಣ ದಾರ ಉಜ್ಜಿ ಸೋಲುತ್ತದೆ. ಫೀಡರನ್ನು ದಾರಕ್ಕೆ ಗಂಟು ಹಾಕಬೇಡಿ. ಅದು ಜಾರುತ್ತಿದ್ದರೆ, ದಾರ ತುಂಡಾದರೂ ಮೀನು ಪಂಜರವನ್ನು ಎಳೆದುಕೊಂಡು ಒದ್ದಾಡೋದಿಲ್ಲ.

ಹೊದಿಕೆ ಉಳಿಸೋಕೆ ನಾನು ಮಾಡೋದು ಮೂರು ಕೆಲಸ. ಫೀಡರಿನ ತೂಕಕ್ಕೆ ಹಳೇ ಸೈಕಲ್ ಟ್ಯೂಬ್ ಸುತ್ತುತ್ತೇನೆ. ಹುಕ್ಕಿನ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡುತ್ತೇನೆ. ಬೇಯಿಸಿದ ಮೆಕ್ಕೆಜೋಳದ ಕಾಳಿನ ಜೊತೆ ಬೆಂಡಿನ ಚೂರು ಸಿಕ್ಕಿಸುತ್ತೇನೆ, ಹುಕ್ಕು ತಳಕ್ಕೆ ತಾಗದೆ ಮೇಲೆ ನಿಲ್ಲುತ್ತೆ. ವಾಪಸ್ ಎಳೆಯುವಾಗ ಕೋಲು ಎತ್ತಿ ಬೇಗ ಸುತ್ತಿ.

ಮೇವಿನಲ್ಲೇ ನಾನು ಹೆಚ್ಚು ಸಲ ಸೋತಿದ್ದು. ಮೊದಲು ರಾಗಿಹಿಟ್ಟು ಕಲಸಿ ಉಂಡೆ ಮಾಡಿದೆ. ಅರ್ಧ ಗಂಟೆ ಬಿಟ್ಟು ಎಳೆದರೆ ಉಂಡೆ ಹಾಗೇ ಇತ್ತು! ಈಗ ಎರಡು ಪಾಲು ಅಕ್ಕಿ ತೌಡು, ಒಂದು ಪಾಲು ಪುಡಿ ಮಾಡಿದ ಶೇಂಗಾ ಹಿಂಡಿ. ನೀರು ಚಿಮುಕಿಸಿ ಕಾಲು ಗಂಟೆ ಬಿಡಿ, ತೌಡು ನೀರು ಹೀರುತ್ತೆ. ಮತ್ತೆ ಸ್ವಲ್ಪ ಚಿಮುಕಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಉದುರಬೇಕು. ಫೀಡರಿಗೆ ತುಂಬಿ ಮೊದಲು ಬಕೆಟ್ಟಿಗೆ ಬಿಟ್ಟು ನೋಡಿ. ಐದು ನಿಮಿಷದೊಳಗೆ ಪಂಜರ ಖಾಲಿಯಾದರೆ ಸರಿ.

ನಡುವಿನ ದೂರ ಒಮ್ಮೆ ಅಳೆದು ದಾರಕ್ಕೆ ಬಣ್ಣದ ನೂಲು ಕಟ್ಟಿ, ಪ್ರತಿ ಸಲ ಅಲ್ಲಿಗೇ ಬೀಳಬೇಕು. ಮೊದಲು ಹುಕ್ಕಿಲ್ಲದೆ ನಾಲ್ಕೈದು ಫೀಡರ್ ಮೇವು ಹಾಕಿ. ಆಮೇಲೆ ಕೋಲು ಬಿಟ್ಟು ಹೋಗಬೇಡಿ. ಮೋಟರ್ ಆನ್ ಮಾಡಿ ಬರೋಣ ಅಂತ ಹೋದೆ, ಬರುವಷ್ಟರಲ್ಲಿ ಕೋಲೇ ಹೊಂಡದ ನಡುವೆ ತೇಲ್ತಿತ್ತು.

ಇದಕ್ಕೆ ಸಿಗೋದು ಹೆಚ್ಚಾಗಿ ತಳದಲ್ಲಿ ಮೇಯುವ ಮೃಗಾಲ್ ಮತ್ತು ಸಾಮಾನ್ಯ ಗೆಂಡೆ, ಆಗೊಮ್ಮೆ ಈಗೊಮ್ಮೆ ರೋಹು. ಕಾಟ್ಲಾ ಮೇಲಿನ ನೀರಿನದು, ಅಪರೂಪ. ಹಾಗಾಗಿ ಗಾಳದ ಮೀನು ತೂಗಿ ಇಡೀ ಹೊಂಡದ ಲೆಕ್ಕ ಹಾಕಿದರೆ ತಪ್ಪುತ್ತೆ. ಆ ಜಾತಿಗಳು ಬೆಳೀತಿವೆಯೋ ಇಲ್ಲವೋ ತಿಳಿಯೋಕೆ ಸಾಕು. ಪೂರ್ತಿ ಹಿಡಿಯೋದಾದರೆ ನೀರು ಇಳಿಸಿ ಎಳೆಬಲೆಯೇ ಬೇಕು.

ಮೋಡ ಕವಿದ ಮುಂಜಾನೆ ಮೀನು ಮೇಲೆ ಬಂದು ಬಾಯಿ ತೆರೀತಿದ್ರೆ ಗಾಳ ಹಾಕಬೇಡಿ, ನೀರಿನಲ್ಲಿ ಆಮ್ಲಜನಕ ಕಮ್ಮಿಯಾಗಿರುತ್ತೆ. ಅಂಥ ದಿನ ಮೇವನ್ನೂ ಹಾಕದೆ, ಮೋಟರ್ ಹಚ್ಚಿ ಪೈಪಿನ ನೀರನ್ನು ಎತ್ತರದಿಂದ ಹೊಂಡಕ್ಕೇ ಬೀಳಿಸಿ.